ಮುನ್ನೂರ ಹನ್ನೆರಡು ಎಳೆ

ಕೊಕ್ಕೋಲದ ಹಳೇ ಶಾಲೆಯ ನೆಲಮಾಳಿಗೆಯಲ್ಲಿ
ಒಂಬತ್ತು ಮಗ್ಗ. ಕಿಟಕಿ ಪಕ್ಕದ್ದು
ಇಪ್ಪತ್ತಾರು ವರ್ಷದಿಂದ ನನ್ನದು.
ಹರಿದ ದುಪ್ಪಟಿ, ಮಾಸಿದ ಅಂಗಿ, ಗಂಡನ ಪೈಜಾಮ
ಎಲ್ಲ ಸೀಳಿ, ಉಂಡೆ ಸುತ್ತಿ
ನೆಲಹಾಸು ನೇಯ್ದವಳು ನಾನು.
ಸೆಂಟಿಮೀಟರಿಗೆ ಮೂರೇ ಎಳೆ.
ಹಣಿಗೆ ಎಳೆದು ಬಡಿದರೆ
ಮೇಲಿನ ತರಗತಿಯ ಬೋರ್ಡು ಅಲುಗುತ್ತದೆಂದು
ದೂರು ಬರುತ್ತಿತ್ತು.
ನನಗೆ ಒಳಗೊಳಗೇ ಹೆಮ್ಮೆ.

ಈ ಶರತ್ಕಾಲ ಓರ್ವೊಕ್ಕಿಯ ಗಂಟಲು ಕೊಯ್ದರು.
ಗಡ್ಡೆ ತೆಗೆದದ್ದಾಯಿತು, ಗೆರೆ ಉಳಿಯಿತು.
ಉಣ್ಣೆ ಚುಚ್ಚುತ್ತದಂತೆ,
ಹತ್ತಿಗೆ ಚಳಿ ತಡೆಯದಂತೆ.
ಮಧ್ಯಾಹ್ನ ಮೂರೂವರೆಗೇ ಹೊತ್ತು ಮುಳುಗುವ ಊರಲ್ಲಿ
ಬರಿಗತ್ತಿನಲ್ಲಿ ಬಸ್ಸು ಕಾಯುತ್ತಿದ್ದಳು,
ಕಾಲರನ್ನು ಕೈಯಲ್ಲಿ ಹಿಡಿದು.

ಸೈಮಿಯನ್ನು ಕೇಳಿದೆ:
ನನ್ನ ಕೈಗೆ ಸಣ್ಣ ನೂಲು ಬಂದೀತೇ?
ಸೈಮಿಗೆ ಎಂಬತ್ತೊಂದು, ಒಂದು ಕಿವಿ ಕೇಳದು.
ನನ್ನ ಬೆರಳುಗಳನ್ನು ಮಗುಚಿ ಮಗುಚಿ ನೋಡಿದಳು,
ಸಂತೆಯಲ್ಲಿ ಮೀನು ನೋಡುವಂತೆ.
"ಬರದೆ ಏನು? ಬೈಸಿಕೊಂಡು ಬರುತ್ತೆ."

ಲಡಿ ಅಂಚೆಯಲ್ಲಿ ಬಂತು.
ಒಲೆ ಆರಿದ ಮೇಲಿನ ಬೂದಿಯ ಬಣ್ಣ,
ಉಸಿರು ಬಿಟ್ಟರೆ ಸುಳಿಯುವಷ್ಟು ತೆಳು.
ತುದಿ ಹುಡುಕುವುದಕ್ಕೇ ಒಂದು ಸಂಜೆ ಹೋಯಿತು.

ಮುನ್ನೂರ ಹನ್ನೆರಡು ಎಳೆ.
ಮುನ್ನೂರ ಹನ್ನೆರಡು ಕಣ್ಣು.
ಕನ್ನಡಕದ ಮೇಲೊಂದು ಕನ್ನಡಕ.
ಒಂದು, ಎರಡು, ಮೂರು, ನಾಲ್ಕು,
ಒಂದು, ಎರಡು...
ಯಾರೋ "ಕಾಫಿ" ಅಂದರು, ಎಣಿಕೆ ಹೋಯಿತು.
ಆಗ ನಾನಂದ ಮಾತನ್ನು
ಎರಡನೇ ಮಗ್ಗದಲ್ಲಿ ಪಾದ್ರಿಯ ಹೆಂಡತಿ ಇದ್ದ ಕಾರಣ
ಇಲ್ಲಿ ಬರೆಯಲಾರೆ.

ಮೊದಲ ದಿನ ಹಳೇ ರೂಢಿಯಂತೆ
ಹಣಿಗೆ ಎಳೆದೆ, ಬಡಿದೆ.
ಟಪ್ಪನೆ ನಾಲ್ಕು ಎಳೆ ಒಟ್ಟಿಗೆ ಕಡಿದವು.
ನೇಯ್ದ ಒಂದು ಗೇಣು ಬಟ್ಟೆಯಲ್ಲ, ರಟ್ಟು.
ಸೈಮಿ ಬಂದು ಹಣಿಗೆಯ ಮೇಲೆ ಕೈಯಿಟ್ಟಳು.
"ಬಡಿಯಬೇಡ. ಇಡು.
ಮಗು ಮಲಗಿದ ಕೋಣೆಯ ಬಾಗಿಲು
ಎಂದೂ ಹಾಕಿಲ್ಲವಾ ನೀನು?"

ಹಾಕಿಲ್ಲ. ನಮಗೆ ಮಕ್ಕಳಿಲ್ಲ.
ಅವಳಿಗದು ಗೊತ್ತು, ಮರೆತಿದ್ದಳು.
ನಾನೂ ನೆನಪಿಸಲಿಲ್ಲ.
ಮೀನು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಗಂಡ ಎಚ್ಚರಾಗದಂತೆ
ಚಿಲಕ ಸರಿಸುತ್ತಿದ್ದೆನಲ್ಲ,
ಆ ಚಿಲಕ ನೆನೆದೆ.
ಕೈಗೆ ತಿಳಿಯಿತು.

ಆಮೇಲೆ ಹೊಕ್ಕು ಬಂದು ಹಾಸನ್ನು ಮುಟ್ಟಿತು, ಒತ್ತಲಿಲ್ಲ.
ಎಳೆಗೂ ಎಳೆಗೂ ನಡುವೆ
ಬೆಳಕು ನುಸುಳುವಷ್ಟು ಜಾಗ ಉಳಿಯಿತು.
ಇಂಥ ಜಾಗವೆಂದರೆ ಸೋಮಾರಿಯ ನೇಯ್ಗೆ ಎಂದು
ಇಪ್ಪತ್ತಾರು ವರ್ಷ ನಂಬಿದ್ದೆ.
"ನೀರಿಗೆ ಹಾಕಿದ ಮೇಲೆ
ಉಣ್ಣೆ ತಾನಾಗಿ ಹತ್ತಿರ ಸರಿಯುತ್ತೆ.
ಆ ಕೆಲಸ ನಿನ್ನದಲ್ಲ."

ಅರವತ್ತು ಸೆಂಟಿಮೀಟರಿಗೆ ಕಂಡಿತು:
ಎಡದಂಚಿನಿಂದ ನಾಲ್ಕು ಬೆರಳಾಚೆ
ಎರಡು ಎಳೆ ಅದಲುಬದಲು,
ಉದ್ದಕ್ಕೂ ಒಂದು ಗೆರೆ.
ಸೈಮಿ ಅಂದಳು, ಯಾರಿಗೆ ಕಾಣುತ್ತೆ?
ಕೈಕೆಲಸವೆಂದರೆ ಹಾಗೇ ಅಂದಳು ಪಾದ್ರಿಯ ಹೆಂಡತಿ,
ತಪ್ಪಿನಲ್ಲೇ ಚಂದ ಅಂತಲೂ ಸೇರಿಸಿದಳು.
ಇರಬಹುದು.
ಆದರೆ ಆ ಕತ್ತಿನಲ್ಲಿ ಒಂದು ಗೆರೆ ಆಗಲೇ ಇದೆ.
ಮೂರು ಸಂಜೆ ಕೂತು ಬಿಚ್ಚಿದೆ.

ಕ್ರಿಸ್ಮಸ್ಸಿಗೆ ಮುಗಿಯಲಿಲ್ಲ. ಫೆಬ್ರವರಿಗೆ ಮುಗಿಯಿತು.
ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ
ಟವೆಲ್ಲಿನ ಮೇಲೆ ಹಾಸಿದಾಗ
ಎಳೆಗಳು ನಿಜಕ್ಕೂ
ಒಂದರ ಕಡೆಗೊಂದು ಜರುಗಿದ್ದವು.
ಓರ್ವೊಕ್ಕಿ ಎರಡು ಸುತ್ತು ಸುತ್ತಿಕೊಂಡಳು.
ದನಿ ಇನ್ನೂ ಪೂರ್ತಿ ಬಂದಿರಲಿಲ್ಲ;
"ಚುಚ್ಚಲ್ಲ" ಅಂದದ್ದು
ಬಸ್ಸಿನ ಸದ್ದಿನಲ್ಲಿ ಅರ್ಧ ಕೇಳಿತು.

ಮನೆಯಲ್ಲಿ ಈಚೆಗೆ
ತಟ್ಟೆ ಇಟ್ಟರೆ ಸದ್ದಿಲ್ಲ, ಕಪಾಟು ಮುಚ್ಚಿದರೆ ಸದ್ದಿಲ್ಲ.
ಗಂಡ ಎರಡು ದಿನ ನೋಡಿ, ಮೂರನೇ ದಿನ
ಪತ್ರಿಕೆ ಮಡಚಿ ಕೇಳಿದ:
"ನನ್ನ ಮೇಲೆ ಏನಾದರೂ ಕೋಪವೇ?"