ಮುಲ್ತಾನಿ ಸರಾಯಿ

ಈದ್ ರಜೆ ಐದೇ ದಿನ.
ಉಳಿದವರು ಊರ ಟಿಕೆಟ್ಟಿನ ಬೆಲೆ ನೋಡಿ
ಮುಸುಕೆಳೆದು ಮಲಗಿಬಿಟ್ಟರು.
ನಾನು ಬಾಕು ಹೊರಟೆ. ಊರಿಗಿಂತ ಅಗ್ಗ.
ಯಾಕೆ ಅಂದವರಿಗೆಲ್ಲ
ಚಳಿ ನೋಡಿ ಬರ್ತೀನಿ ಅಂದೆ.

ಮೇಲಿನ ಮಂಚದ ಗುಲಾಮ್ ಯಾಸೀನ್ ಮಾತ್ರ
ಗ್ರೀಸು ಹತ್ತಿದ ಬೆರಳಿಂದ ಗಾಳಿಯಲ್ಲಿ ನಕಾಶೆ ಎಳೆದು
‘ಅಲ್ಲೊಂದು ನಮ್ಮೂರು ಇದೆ, ಅಜ್ಜ ಹೇಳ್ತಿದ್ದ,
ನೋಡಿ ಬಾ’ ಅಂದ.
ಅವನ ಊರು ಮುಲ್ತಾನು.
ಬಾಕುವಿನಲ್ಲಿ ಮುಲ್ತಾನೆ? ನಕ್ಕಿದ್ದೆ.

ಇತ್ತು.
ಹಳೆಕೋಟೆಯ ಒಳಗೆ, ಕನ್ಯಾಗೋಪುರದ ಹತ್ತಿರ,
ಜೇನುಬಣ್ಣದ ಗೋಡೆಗೆ ಒಂದು ಹಲಗೆ:
ಮುಲ್ತಾನಿ ಕಾರವಾನ್ ಸರಾಯಿ.
ಹೊರೆ ಇಳಿಸುತ್ತಿದ್ದ ಅಂಗಳದಲ್ಲಿ ಈಗ ಮೇಜು, ಬಿಳಿ ಬಟ್ಟೆ,
ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹ.
ಬಿಲ್ಲು ನೋಡಿ ಇನ್ನೊಂದು ಕುಡಿಯಲಿಲ್ಲ.

ರಾತ್ರಿ ಹುಲಿಗೆಮ್ಮನಿಗೆ ಫೋನು:
‘ಇವತ್ತು ಇಡೀ ದಿನ ಸರಾಯಿಯಲ್ಲೇ ಇದ್ದೆ.’
ಆ ಕಡೆ, ಹಟ್ಟಿಯಲ್ಲಿ, ಮಾತೇ ಇಲ್ಲ.
ಬಿಡಿಸಿ ಹೇಳಿದೆ:
ಅದು ಕುಡಿಯೋದಲ್ಲ ಮಾರಾಯ್ತಿ, ಇಳಕೊಳ್ಳೋದು.
ದೂರದೂರಿನ ಗಂಡಸರು ಸಾಲಾಗಿ ಮಲಗುತ್ತಿದ್ದ ಖೋಲಿಗಳು,
ನಡುವೆ ಒಂದು ಬಾವಿ, ಬಾಗಿಲಿಗೊಬ್ಬ ಕಾವಲುಗಾರ.
‘ಅಂದ್ರ ನಿಮ್ಮ ಕ್ಯಾಂಪ್ ಇದ್ದಂಗ ಅನ್ರಿ’ ಅಂದಳು.

ಮರುದಿನ ಸುರಾಖಾನಿಯ ಅಗ್ನಿಗುಡಿ.
ದಾರಿಯುದ್ದಕ್ಕೂ ತೈಲಬಾವಿಯ ಯಂತ್ರಗಳು
ಏತದ ಹಾಗೆ ಬಾಗಿ ಏಳುತ್ತಿದ್ದವು.
ಐದು ಮೂಲೆಯ ಅಂಗಳ. ವ್ಯಾಪಾರಿಗಳ, ಸಾಧುಗಳ ಗವಿಯಂಥ ಕೋಣೆ.
ಒಂದು ಕದದ ಮೇಲೆ, ಕಾಸ್ಪಿಯನ್ನಿನ ಗಾಳಿ ತಿಂದು ಬಿಟ್ಟದ್ದು:
ಶ್ರೀ ಗಣೇಶಾಯ ನಮಃ.
ಕಣ್ಣು ಕೂಡಿಸಿ ಓದುವ ಮೊದಲೇ
ನಾಲಿಗೆ ಅಂದುಬಿಟ್ಟಿತ್ತು.

ನಟ್ಟನಡುವೆ ಬೆಂಕಿ.
ಎಲ್ನೂರ್ ಎಂಬ ಹುಡುಗ ಶತಮಾನಗಳ ಲೆಕ್ಕ ಒಪ್ಪಿಸುತ್ತಿದ್ದ.
ನಾನು ಉರಿಯ ಸದ್ದು ಕೇಳುತ್ತಿದ್ದೆ.
ಹನ್ನೊಂದು ವರ್ಷ ಫ್ಲೇರಿನ ಬುಡದಲ್ಲಿ ದುಡಿದ ಕಿವಿ ಇದು.
ನೆಲದೊಳಗಿಂದ ತಾನಾಗಿ ಬರುವ ಅನಿಲ
ಉಸಿರು ತಪ್ಪುತ್ತದೆ, ತೊದಲುತ್ತದೆ.
ಇದು ತೊದಲುತ್ತಿರಲಿಲ್ಲ.
‘ರೆಗ್ಯುಲೇಟರ್ ಇದೆ’ ಅಂದೆ.
ಹುಡುಗ ಅತ್ತ ಇತ್ತ ನೋಡಿ, ದನಿ ತಗ್ಗಿಸಿ,
‘ಅಸಲಿ ಬೆಂಕಿ ಅರವತ್ತೊಂಬತ್ತರಲ್ಲೇ ಆರಿತು.
ಸುತ್ತ ಅಷ್ಟು ಹೀರಿಬಿಟ್ಟಿದ್ದರು. ಈಗ ಊರಿನ ಪೈಪು.’
‘ವಾಲ್ವ್ ಎಲ್ಲಿ?’
ಯಾತ್ರಿಕರು ಯಾರೂ ಕೇಳದ್ದನ್ನು ಕೇಳಿದೆನಂತೆ.
ತೋರಿಸಿದ. ಗೋಡೆಯಾಚೆ ಒಂದು ಕಬ್ಬಿಣದ ಮುಚ್ಚಳ.
ಬಗ್ಗಿ ಮೂಸಿ ನೋಡಿದೆ. ಸೋರಿಕೆ ಇಲ್ಲ.
ಯಾರೋ ಚೆನ್ನಾಗಿ ಕಟ್ಟಿದ್ದಾರೆ.
ಗುಡಿಯೊಳಗೆ ಬಿಡದ ಬೂಟನ್ನು ಅಲ್ಲಿ ಬಿಡಬೇಕೆನಿಸಿತು;
ನೆಲ ಕೊರೆಯುವಷ್ಟು ತಣ್ಣಗಿತ್ತು, ಬಿಡಲಿಲ್ಲ.

ಈಗ ರುವೈಸು. ರಾತ್ರಿ ಪಾಳಿಯ ಚಹದ ಹೊತ್ತು.
ಹಲಗೆಯ ಮೇಲಿನ ತನ್ನೂರನ್ನು ಯಾಸೀನ್
ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ
ಬರೀ ಚುಕ್ಕೆ ಮಾಡಿಬಿಟ್ಟ.
ಆಮೇಲೆ ಗುರುಮುಖಿಯ ಕಲ್ಲು ಬಂತು.
ಮಾತು ಅವನದು, ಅಕ್ಷರ ಬಾರದು. ನನಗೆ ಎರಡೂ ಇಲ್ಲ.
ಮೆಸ್ಸಿನಿಂದ ಹರಜಿಂದರನನ್ನು ಕರೆದೆವು.
ಹಿಟ್ಟಿನ ಕೈ ಒರೆಸಿಕೊಂಡು ಅವನು ತಡವರಿಸಿ ಓದುತ್ತಾನೆ,
ಯಾಸೀನ್ ಹಿಂದಿಗೆ ತಿರುಗಿಸುತ್ತಾನೆ,
ನಾನು ಲಾಗ್ ಪುಸ್ತಕದ ಹಿಂಬದಿಗೆ
ಕನ್ನಡದಲ್ಲಿ ಇಳಿಸಿಕೊಳ್ಳುತ್ತೇನೆ.
ಒಂದು ಕಡೆ ನಿಂತಿತು.
‘ಕಟ್ಟಿಸಿದ ಅಂತಿದೆ. ಕಟ್ಟಿಸಿದವನ ಹೆಸರು ಹೋಗಿದೆ.’

ಫ್ಲೇರು ಒಮ್ಮೆ ಭುಗಿಲೆಂದು ಮೂವರ ಮುಖಕ್ಕೂ ಕೆಂಪು ಹಚ್ಚಿ
ಮತ್ತೆ ತಗ್ಗಿತು. ಅಭ್ಯಾಸಬಲದಿಂದ
ಮೂವರೂ ಗೇಜಿನ ಕಡೆ ನೋಡಿದೆವು.

ಸ್ವಲ್ಪ ಹೊತ್ತಿನ ಮೇಲೆ ಯಾಸೀನ್ ಕೇಳಿದ:
‘ಅಲ್ಲಿ ಆ ಬೆಂಕಿ ನೋಡಿಕೊಳ್ಳುವವನಿಗೆ
ತಿಂಗಳಿಗೆ ಎಷ್ಟು ಕೊಡ್ತಾರಂತೆ?’

ಅದೊಂದು ಕೇಳುವುದು ಮರೆತಿದ್ದೆ.