ಮೂರು ಸಲ ತೊಳೆದ ನೀರು

ಈ ಕೆಂಪು ಔಷಧ ನಮ್ಮ ಸೀಮೆಯದೇ ಎನ್ನುತ್ತಾರೆ.
ಆ ಎಂಟು ಮೂಲೆಯ ಕೋಟೆಯ ಬಳಿ ಯಾರೋ ಬಗೆದ ಹಿಡಿ ಮಣ್ಣಿನಲ್ಲಿ
ಒಂದು ಸೂಕ್ಷ್ಮಜೀವಿ ಬೆವರಿದ್ದು ಈ ಬಣ್ಣ.
ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋದಾಗ
ತೆಯೊದೋರಾ ಅದೇ ಮಣ್ಣನ್ನು ನನ್ನ ಕಾಲುಚೀಲದೊಳಗೆ ಸುರಿದಿದ್ದಳು.
ಈಗ ರಸ್ತೆಯಾಚೆ, ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ
ಆ ಕೆಂಪು ಹನಿಹನಿಯಾಗಿ ಅಕ್ಕನ ತೋಳಿಗೆ ಇಳಿಯುತ್ತಿದೆ.
ಈಚೆ ನಾನು ಅದನ್ನೇ ಪಿಪೆಟ್ಟಿನಲ್ಲಿ ಹೀರಿ
ಕತಾಲ್ದೊನ ಕೋಶಗಳಿಗೆ ಕುಡಿಸುತ್ತಿದ್ದೇನೆ.

ಕತಾಲ್ದೊ ಬಾರಿಯ ಬಂದರಿನಲ್ಲಿ ಆಕ್ಟೋಪಸ್ಸನ್ನು
ಕಲ್ಲಿಗೆ ಬಡಿಬಡಿದು ಮೆತ್ತಗೆ ಮಾಡುವವನು.
ರಕ್ತ ಕೊಟ್ಟು, ಬನ್ನು ತಿಂದು, ಪ್ರತಿ ಸಲ ಕೇಳುತ್ತಾನೆ:
"ನನ್ನದೇನಾದರೂ ಬದುಕಿದೆಯಾ ನಿನ್ನ ಡಬ್ಬಿಯಲ್ಲಿ?"
ಬದುಕಿವೆ. ಮೂವತ್ತೇಳು ಡಿಗ್ರಿಯ ಬೆಚ್ಚಗೆಯಲ್ಲಿ
ತಟ್ಟೆಯ ತಳಕ್ಕೆ ಹುರಿದ ಮೊಟ್ಟೆಯ ಹಾಗೆ ಅಂಟಿಕೊಂಡು.
ಪುಸ್ತಕಗಳು ಅವನ್ನು ಸೈನಿಕರೆನ್ನುತ್ತವೆ. ಅಲ್ಲ,
ಗುಡಿಸುವವರು. ಸತ್ತದ್ದನ್ನು ತಿಂದು, ಹರಿದದ್ದನ್ನು ಹೊಲಿದು
ಹೊತ್ತು ಕಳೆಯುವ ಜನ.

ಒಂದು ರಾತ್ರಿ ವಿಷದಲ್ಲಿ ಇಟ್ಟೆ.
ಬೆಳಿಗ್ಗೆ ತೊಳೆದೆ. ಮತ್ತೆ ತೊಳೆದೆ. ಮೂರನೆಯ ಸಲ
ಔಷಧದ ವಾಸನೆಯೂ ಉಳಿಯದ ಹಾಗೆ ತೊಳೆದೆ.
ಹೊಸ ರಸ ಹುಯ್ದು ಎರಡು ದಿನ ಕಾದೆ.
ಅದರೊಳಗೆ ಅವು ಏನು ಉಗುಳಿದವೋ, ಏನು ಅತ್ತವೋ,
ಆ ನೀರನ್ನಷ್ಟೇ ಬಸಿದು
ಗಡ್ಡೆಯ ಕೋಶಗಳ ಮೇಲೆ ಸುರಿದೆ.

ದೊಡ್ಡ ಡೋಸಿನ ತಟ್ಟೆಯಲ್ಲಿ ಗಡ್ಡೆ ಸುಕ್ಕಿತು.
ಒಬ್ಬಳೇ ಚಪ್ಪಾಳೆ ತಟ್ಟಿದೆ, ರಬ್ಬರಿನ ಕೈಗವಸಿನಲ್ಲಿ.
ಸಣ್ಣ ಡೋಸಿನ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿದೆ.
ಗಡ್ಡೆ ದಷ್ಟಪುಷ್ಟ.
ಆಮೇಲೆ ಔಷಧವನ್ನೇ ನೇರ ಕುಡಿಸಿದರೂ
ಜಗ್ಗಲಿಲ್ಲ.

ಕೇಡಿನಿಂದಲ್ಲ. ಅರ್ಧ ಪೆಟ್ಟು ತಿಂದ ಗುಡಿಸುವವನಿಗೆ
ಸುತ್ತೆಲ್ಲ ಗಾಯವೇ ಕಂಡಿರಬೇಕು.
ಗಾಯ ಕಂಡರೆ ಮುಲಾಮು ಅರೆಯುವುದೊಂದೇ ಅವನಿಗೆ ಗೊತ್ತು,
ಯಾರ ಗಾಯ ಎಂದು ಕೇಳುವ ಅಭ್ಯಾಸವಿಲ್ಲ.
ಮನೆಗೆ ಮಾರಿ; ಮಾರಿಗೆ ಉಪಕಾರಿ.

ಪ್ರೊಫೆಸರ್ ಮಿಂಕೂತ್ಸಿ ಕನ್ನಡಕ ಹಣೆಗೇರಿಸಿ
"ಒಬ್ಬ ಮೀನುಗಾರನಿಂದ ಏನೂ ಸಾಬೀತಾಗದು," ಎಂದರು,
"ಇನ್ನೂ ಹನ್ನೊಂದು ಜನರ ರಕ್ತ ಬೇಕು."
ಸರಿಯೇ. ಬರೆದುಕೊಂಡೆ.

ಸಂಜೆ ರಸ್ತೆ ದಾಟಿದೆ. ತೆಂಕಣ ಬಿಸಿಗಾಳಿ
ಕಡಲಾಚೆಯ ಮರಳುಗಾಡನ್ನು ತಂದು
ಸಾಲಾಗಿ ನಿಂತ ಕಾರುಗಳ ಮೇಲೆ ಜರಡಿ ಹಿಡಿದಿತ್ತು.
ಅಕ್ಕ ಐಸ್ ಚೀಪುತ್ತಿದ್ದಳು, ಬಾಯಿ ಹುಣ್ಣಾಗದಿರಲೆಂದು.
"ಏನಂದರು ನಿನ್ನ ಗುಡಿಸುವವರು, ದಮಿಯಾನಾ?"
ತಟ್ಟೆ ಬೇರೆ, ಮೈ ಬೇರೆ ಎಂದೆ. ನಿಜ ಕೂಡ.
ಅವಳು ನಕ್ಕು ಒಳ್ಳೆಯ ಸುದ್ದಿ ಹೇಳಿದಳು:
ಹೃದಯ ದಣಿದಿದೆಯಂತೆ,
ಮುಂದಿನ ಸಲದಿಂದ ಡೋಸು ಕಡಿಮೆ ಮಾಡುತ್ತಾರಂತೆ,
ಹಬ್ಬಕ್ಕೆ ಮನೆಯಲ್ಲೇ ಕೂತು ಉಣ್ಣಬಹುದಂತೆ.

ಲೋಟ ನನ್ನ ಕಡೆ ಚಾಚಿದಳು. ಒಂದು ತುಂಡು ತೆಗೆದುಕೊಂಡೆ.
ಒಬ್ಬ ಮೀನುಗಾರನಿಂದ ಏನೂ ಸಾಬೀತಾಗದು.
ಆ ಮಾತನ್ನೂ ಜೊತೆಗೇ ಬಾಯಲ್ಲಿಟ್ಟುಕೊಂಡೆ,
ಕರಗುವವರೆಗೆ ಮಾತಾಡಬೇಕಿಲ್ಲ.