ಎಡಗಾಲಿನ ಗಂಟೆ

ಯಾರೋ ಹಿಂದಿನಿಂದ ಬಿದಿರಲ್ಲಿ ಬಡಿದರು ಅಂದುಕೊಂಡೆ.
ತಿರುಗಿ ನೋಡಿದರೆ
ಗೋಡೆ, ಗೋಡೆಯ ಮೇಲೆ ಗಡಿಯಾರ,
ಏಳು ಗಂಟೆ ಇಪ್ಪತ್ತು ನಿಮಿಷ.
ಬಡಿದವರಿಲ್ಲ.
ಮೀನಖಂಡದೊಳಗಿನ ಮೀನು
ತಾನೇ ಗಾಳ ಕಿತ್ತುಕೊಂಡು
ಆಳಕ್ಕೆ ಹೋಗಿತ್ತು.

ಹತ್ತೊಂಬತ್ತು ವರ್ಷ ಬಿಟ್ಟಿದ್ದೆ ಕೆಂಡೊ.
ಕಾರಣ ಒಂದಿತ್ತು, ಈಗ ನೆನಪಿಲ್ಲ
ಎಂದರೆ ಸುಳ್ಳು. ಇರಲಿ.

ಹಕೋದಾತೆಯಲ್ಲಿ ಟ್ರಾಮ್ ಓಡಿಸುವವಳು ನಾನು,
ಹಡಗುಕಟ್ಟೆಯಿಂದ ಬಿಸಿನೀರ ಬುಗ್ಗೆಗಳವರೆಗೆ,
ಮತ್ತೆ ವಾಪಸು.
ಗುರುವಾರ ಸಂಜೆ ಮಕ್ಕಳು ಹತ್ತುತ್ತಿದ್ದರು
ಹೆಗಲೆತ್ತರ ಮೀರಿದ ಬಿದಿರುಗತ್ತಿ ಹೊತ್ತು.
ಅವರ ಚೀಲದ ವಾಸನೆ, ಹಳೆಯ ಬೆವರು, ಒದ್ದೆ ಚರ್ಮ,
ಬಟ್ಟೆ ಬಿಟ್ಟ ನೀಲಿ,
ಕನ್ನಡಿಯಲ್ಲಿ ತಲೆ ಎಣಿಸುತ್ತಿದ್ದ ನನ್ನನ್ನು
ಹೆಸರು ಹಿಡಿದು ಕರೆಯಿತು.
ನಾಲ್ಕು ಗುರುವಾರ ತಡೆದೆ.
ಐದನೆಯದಕ್ಕೆ ಪಾಳಿ ಬದಲಿಸಿಕೊಂಡೆ.

ಮೈಗೆ ಎಲ್ಲ ನೆನಪಿತ್ತು, ಆದದ್ದೇ ಅದು.
ಮೂವತ್ತೆರಡು ಕಲಿತ ಪಾಠವನ್ನು
ಐವತ್ತೊಂದು ಹಾಗೇ ಒಪ್ಪಿಸಹೋಯಿತು.
ಎಡ ಹಿಮ್ಮಡಿ ಎತ್ತಿ, ನೆಲ ಒದ್ದು,
ನೆತ್ತಿಗೆ ಗುರಿಯಿಟ್ಟು ಹಾರಿದೆ.
ಏಟು ಚೆನ್ನಾಗಿಯೇ ತಗುಲಿತಂತೆ, ಆಮೇಲೆ ಹೇಳಿದರು.
ಎದುರಿಗಿದ್ದವಳು ಹನ್ನೆರಡರ ಕೊಹಾರು,
ಮುಖಗವಚದ ಕಂಬಿಗಳೊಳಗಿಂದ
"ಅಜ್ಜಿ, ನಾನೇನೂ ಮಾಡಲಿಲ್ಲ" ಅಂದಳು.
ಅಜ್ಜಿ!
ಅದು ಕಾಲಿಗಿಂತ ಜೋರಾಗಿ ನೋಯಿತು.

ಡಾಕ್ಟರು ಪರದೆಯ ಮೇಲೆ ತೋರಿಸಿದರು:
ಬೂದು ಎಳೆಗಳ ನಡುವೆ ಸೋಯಾ ಕಾಳಿನಷ್ಟು ಕತ್ತಲೆ.
ನಮ್ಮ ಕಡೆ ಇದಕ್ಕೆ ಮಾಂಸದಗಲಿಕೆ ಅನ್ನುತ್ತಾರೆ.
ಯಾರು ಯಾರನ್ನು ಅಗಲಿದ್ದು, ಕೇಳಲಿಲ್ಲ ನಾನು.
"ಆರು ವಾರ" ಅಂದರು.
ಮೂರು ಎಂದು ಕೇಳಿಸಿಕೊಂಡೆ.

ಮಂಜುಗಡ್ಡೆ. ಕರ್ಪೂರ ಘಾಟಿನ ಪಟ್ಟಿ.
ನೆತ್ತರು ದಿನಕ್ಕಿಷ್ಟು ಒಳಗೊಳಗೇ ಇಳಿದು
ಪಾದದ ಹರಡಿಗೆ ಬಂದು ನಿಂತಿತು,
ನೇರಳೆ, ಆಮೇಲೆ ಪಾಚಿ, ಆಮೇಲೆ ಹಳೆಯ ಕಾಗದದ ಹಳದಿ.
ನೋವು ಮಾತ್ರ ಮೇಲೇ ಉಳಿಯಿತು.
ಹದಿಮೂರನೇ ದಿನ, ಯಾರೂ ಇಲ್ಲದ ಅಡುಗೆಮನೆಯಲ್ಲಿ
ಒಮ್ಮೆ, ಒಂದೇ ಒಮ್ಮೆ, ಒದ್ದು ನೋಡಿದೆ ನೆಲವನ್ನು.
ಮೀನು ಮತ್ತೆ ತಪ್ಪಿಸಿಕೊಂಡಿತು.
ಡಾಕ್ಟರಿಗೆ ಹೇಳಲಿಲ್ಲ.
ಎಣಿಕೆ ಮತ್ತೆ ಒಂದರಿಂದ.

ನನ್ನ ಗಾಡಿಯ ಗಂಟೆ ಎಡಗಾಲಿನದು.
ಬಲಗಾಲು ಅಡ್ಡಹಾಕಿ ಒತ್ತಿದೆ ಆ ತಿಂಗಳೆಲ್ಲ.
ಗಂಟೆಗೇನು ಗೊತ್ತು ಯಾವ ಕಾಲು ಅಂತ?
ಆದರೆ ಸ್ಕ್ವಿಡ್ ಮಾರುವ ತೊಮೆ,
ಮುಂಜಾನೆಯ ಮೊದಲ ಗಾಡಿಯವಳು,
ಇಳಿಯುವಾಗ ಡಬ್ಬಿಗೆ ಚಿಲ್ಲರೆ ಹಾಕುತ್ತಾ ಅಂದಳು:
"ನಿನ್ನ ಗಂಟೆ ಕುಂಟುತ್ತಿದೆಯಲ್ಲೇ, ಮಿತ್ಸುಯೊ."

"ಬಾ, ಕೂತು ನೋಡು" ಎಂದು ಹೇಳಿಕಳಿಸಿದರು
ಓತ್ಸುಕಿ ಗುರುಗಳು. "ನೋಡುವುದೂ ಅಭ್ಯಾಸವೇ."
ಮಂಡಿಯೂರಲಾಗದವಳಿಗೆ ಮಡಚುವ ಕುರ್ಚಿ,
ಗಡಿಯಾರದ ಗೋಡೆಯ ಬದಿಗೆ.
ಅಲ್ಲಿಂದ ಕಾಣುವುದು ಬರೀ ಹಿಮ್ಮಡಿಗಳು.
ಹಾರುವ ಮುನ್ನ ಚಿಟಿಕೆ ಹೊತ್ತು
ಅವು ನೆಲವನ್ನು ಏನೋ ಕೇಳುತ್ತವೆ.
ನೆಲ ಹೂಂ ಅಂದಮೇಲೆಯೇ ಏಳುತ್ತವೆ.
ನಾನು ಕೇಳಿರಲಿಲ್ಲ.
ಅಷ್ಟು ವರ್ಷ ಊರುಬಿಟ್ಟವಳು
ಬಾಗಿಲು ತಟ್ಟದೆ ಒಳನುಗ್ಗಿದ್ದೆ.
ಗುರುಗಳಿಗೆ ಎಪ್ಪತ್ತೊಂಬತ್ತು. ಅವರ ಹಿಮ್ಮಡಿಯಡಿ
ಒಂದು ಕಾಗದ ತೂರಿಸಬಹುದು, ಅಷ್ಟೇ.

ಫೆಬ್ರವರಿ. ಹಲಗೆಹಾಸು ಹಲ್ಲು ಕಟಕಟಿಸುವಷ್ಟು ತಣ್ಣಗೆ.
ಕವಚವಿಲ್ಲ, ಕೂಗಿಲ್ಲ,
ಬರಿಗಾಲಲ್ಲಿ ಜಾರುಹೆಜ್ಜೆ,
ಆ ಗೋಡೆ ಮುಟ್ಟಿ ಈ ಗೋಡೆಗೆ.
ಒಳಗೆ ಮೀನು ಮಿಸುಕಿತು. ಓಡಲಿಲ್ಲ.
ಕೊಹಾರು ಪಕ್ಕಕ್ಕೆ ಬಂದು
ನನ್ನ ನಿಧಾನಕ್ಕೇ ಜಾರತೊಡಗಿದಳು.
"ನೋಯುತ್ತಾ, ಅಜ್ಜಿ?"
"ಅಕ್ಕ ಅನ್ನು."
ಅರ್ಧ ಅಂಗಳ ದಾಟುವವರೆಗೂ ಯೋಚಿಸಿ
"ದೊಡ್ಡಮ್ಮ" ಅಂದಳು.
ಚೌಕಾಸಿ ಅಲ್ಲಿಗೆ ಮುಗಿಯಿತು.

ಮರುದಿನ ಮೊದಲ ಗಾಡಿ.
ರಾತ್ರಿಯೆಲ್ಲ ಹಿಮ ಸುರಿದಿತ್ತು,
ಹಳಿಯ ಮೇಲೊಂದು ಕಡಲಹಕ್ಕಿ, ಬೆನ್ನು ತಿರುಗಿಸಿ.
ಎಡಗಾಲಲ್ಲಿ ಒತ್ತಿದೆ, ಮೆಲ್ಲಗೆ.
ಹಕ್ಕಿ ಏಳಲಿಲ್ಲ.
ಇನ್ನೊಮ್ಮೆ ಒತ್ತಬೇಕಾಯಿತು.